ಗಿಡ್ಡ ಕೈಗಳ ಆಯುಧ

ಜೋಂಬಿಗಳು ಬಂದರೆ ಇರಲಿ ಎಂದು ಮೊದಲೇ ಆಯುಧ ಮಾಡಿಟ್ಟುಕೊಳ್ಳುವ ಹವ್ಯಾಸಿಗಳು ಪಶ್ಚಿಮದ ದೇಶಗಳಲ್ಲಿದ್ದಾರೆ. ಹಾರ್ಡ್‌ವೇರ್ ಅಂಗಡಿಯಿಂದ ಪೈಪು, ಬೋಲ್ಟು, ಮುಳ್ಳುತಂತಿ ತರುತ್ತಾರೆ. ಆಟದ ಸಾಮಾನಿನ ಅಂಗಡಿಯಿಂದ ಬೇಸ್‌ಬಾಲ್ ದಾಂಡು, ಹಾಕಿ ಕೋಲು ತರುತ್ತಾರೆ. ಗ್ಯಾರೇಜಿನಲ್ಲಿ ಕೂತು ಒಂದಕ್ಕೊಂದು ಬಿಗಿದು, ಇನ್ನೂ ಹುಟ್ಟದ ಶತ್ರುವಿನ ದಾರಿ ಕಾಯುತ್ತಾರೆ. ಸತ್ತು ಎದ್ದು ಗುಂಪಾಗಿ ಬರುವ ಈ ಹೆಣಗಳಿಗೆ ಇವತ್ತಿನ ರೂಪ ಕೊಟ್ಟದ್ದು ಜಾರ್ಜ್ ರೊಮೆರೊ ನಿರ್ದೇಶನದ 1968ರ ಸಿನಿಮಾ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಖಳನಾಯಕನಂತೂ ಮುಳ್ಳುತಂತಿ ಸುತ್ತಿದ ದಾಂಡಿಗೆ ಲುಸಿಲ್ ಎಂದು ಹೆಣ್ಣಿನ ಹೆಸರಿಟ್ಟುಕೊಂಡೇ ತಿರುಗುತ್ತಾನೆ. ನಮ್ಮವರು ಈ ವಿಷಯದಲ್ಲಿ ಖರ್ಚಿಲ್ಲದ ಜನ. ದೆವ್ವಕ್ಕೆ ಬೇವಿನ ಸೊಪ್ಪು, ಹಳೆಯ ಚಪ್ಪಲಿ, ಕಸಬರಿಗೆ ಸಾಕು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದೇ ದೆವ್ವವನ್ನು ವಾಪಸು ಕಳಿಸಿದರು. ಅಷ್ಟು ಅಗ್ಗದ ಆಯುಧವನ್ನು ಜಗತ್ತಿನಲ್ಲಿ ಮತ್ತಾರೂ ಕಂಡುಹಿಡಿದಂತಿಲ್ಲ.

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಸೀಮೆಯಲ್ಲಿ ಜೋಂಬಿಗಳಿಲ್ಲ. ಆದರೆ ಹಿಂಡಾಗಿ ಬರುವುದು, ಒಂದನ್ನು ಓಡಿಸಿದರೆ ಹತ್ತು ಬರುವುದು, ಬೆದರಿಕೆಗೆ ಬಗ್ಗದಿರುವುದು, ತಿನ್ನುವುದೊಂದನ್ನು ಬಿಟ್ಟು ಬೇರೆ ಯೋಚನೆಯೇ ಇಲ್ಲದಿರುವುದು ಜೋಂಬಿಯ ಲಕ್ಷಣವಾದರೆ, ಆ ಶತ್ರು ಇಲ್ಲಿನ ರೈತನಿಗೆ ಹೊಸದಲ್ಲ. ಜೋಳ ಹೆಚ್ಚಾಗಿದ್ದ ಕಾಲದಲ್ಲಿ ಅದು ಆಕಾಶದಿಂದ ಬರುತ್ತಿತ್ತು. ಹಾಲುದುಂಬಿದ ತೆನೆಯ ಮೇಲೆ ಗಿಳಿಯ ಹಿಂಡು ಇಳಿದರೆ ಸೀತನಿ ತಿನ್ನುವ ಆಸೆ ಹಾಗಿರಲಿ, ಕಣಕ್ಕೆ ಬರುವ ಕಾಳೂ ಉಳಿಯುತ್ತಿರಲಿಲ್ಲ. ಹಾವೇರಿ ಜಿಲ್ಲೆಯ ಹೊಲಗಳನ್ನು ಗೋವಿನಜೋಳ ಆವರಿಸಿದ ಮೇಲೆ ಶತ್ರುವೂ ನೆಲಕ್ಕೆ ಇಳಿಯಿತು. ಈಗ ಕಾಡಿನಂಚಿನ ಹೊಲಕ್ಕೆ ರಾತ್ರಿ ಹಂದಿ ನುಗ್ಗುತ್ತದೆ, ಹಗಲು ಮಂಗ.

ಗಿಳಿಯ ಕಾಲದ ಆಯುಧ ಕವಣೆ, ಈ ಕಡೆಯವರ ಬಾಯಲ್ಲಿ ಕವಣಿ. ಪುಂಡಿನಾರಿನ ಹಗ್ಗ, ನಡುವೆ ಕಲ್ಲು ಕೂರುವಷ್ಟು ಅಗಲವಾಗಿ ಹೆಣೆದ ಜಾಗ. ಒಂದು ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಸಿಕೊಳ್ಳಬೇಕು, ಇನ್ನೊಂದು ತುದಿಯನ್ನು ಹೆಬ್ಬೆರಳು ಒತ್ತಿ ಹಿಡಿಯಬೇಕು. ತಲೆಯ ಮೇಲೆ ಒಂದೆರಡು ಸುತ್ತು ಬೀಸಿ ಹೆಬ್ಬೆರಳು ಸಡಿಲಿಸಿದರೆ ಕಲ್ಲು ಹೊರಟಿತು. ಬಿಟ್ಟ ತುದಿ ಗಾಳಿಯನ್ನು ಸೀಳಿ ಚಟ್ ಎನ್ನುತ್ತದೆ. ಬೀಸಿ ಪಳಗಿದವರನ್ನು ಕೇಳಿದರೆ ಹಕ್ಕಿ ಹೆದರುವುದು ಆ ಸದ್ದಿಗೆ ಎನ್ನುತ್ತಾರೆ, ಕಲ್ಲು ನೆಪ. ಕಲ್ಲಿನ ಬದಲು ಮಣ್ಣಿನ ಹೆಂಟೆ ಇಟ್ಟರೆ ಅದು ತೆನೆಗಳ ಮೇಲೆ ಒಡೆದು ಚದುರುತ್ತದೆ, ಕೂತ ಹಿಂಡು ಒಟ್ಟಿಗೇ ಏಳುತ್ತದೆ. ಹಕ್ಕಿ ಸಾಯುವುದಿಲ್ಲ, ಬೆಳೆ ಉಳಿಯುತ್ತದೆ. ಗಿಳಿಯನ್ನು ಕೊಲ್ಲುವುದೂ ಸಾಕುವುದೂ ಅಪರಾಧವಾಗಿರುವ ಈ ದಿನಗಳಲ್ಲಿ ಇದು ಸಣ್ಣ ಗುಣವೇನಲ್ಲ.

ನನಗೆ ಮುಖ್ಯವಾಗಿ ಕಾಣುವುದು ಕವಣೆ ಯಾರ ಕೈಯಲ್ಲಿತ್ತು ಎಂಬುದು. ಹೊಲ ಕಾಯಲು ಅಟ್ಟ ಹತ್ತುತ್ತಿದ್ದವರು ನೇಗಿಲು ಹಿಡಿಯುವಷ್ಟು ಬಲಿಯದ ಹುಡುಗರು, ಹುಡುಗಿಯರು, ನೇಗಿಲು ಬಿಟ್ಟ ಮುದುಕರು. ಗಟ್ಟಿ ರಟ್ಟೆಯವನು ಬರಿಗೈಯಲ್ಲೇ ಕಲ್ಲು ಬೀರುತ್ತಾನೆ, ಅವನಿಗೆ ಹಗ್ಗದ ಹಂಗಿಲ್ಲ. ಕೈ ಸಾಲದವನಿಗೆ ಮಾತ್ರ ಕೈಯನ್ನು ಉದ್ದ ಮಾಡಿಕೊಳ್ಳುವ ಉಪಾಯ ಹೊಳೆಯುತ್ತದೆ. ಈಜಿಪ್ಟಿನಲ್ಲಿ ಹೊವಾರ್ಡ್ ಕಾರ್ಟರ್ 1922ರಲ್ಲಿ ಪತ್ತೆಹಚ್ಚಿದ ಟುಟಂಖಾಮನ್ ಗೋರಿಯಲ್ಲಿ ಚಿನ್ನದ ಮುಖವಾಡದ ಜತೆಗೆ ನಾಜೂಕಾಗಿ ಹೆಣೆದ ಕವಣೆಗಳೂ ಸಿಕ್ಕವು. ಆ ದೊರೆ ಸತ್ತಾಗ ಅವನಿಗೆ ಹೆಚ್ಚೆಂದರೆ 19 ವರ್ಷ. ಗೋಲಿಯಾತನೆಂಬ ದೈತ್ಯನನ್ನು ಕೆಡವಿದ ದಾವೀದನೂ ಕುರಿ ಕಾಯುವ ಹುಡುಗನೇ.

ಇದರ ಹಿಂದಿನ ಲೆಕ್ಕ ಸರಳ. ದೊಡ್ಡವರ ತೋಳು ಭುಜದಿಂದ ಅಂಗೈವರೆಗೆ ಸುಮಾರು 70 ಸೆಂಟಿಮೀಟರ್. ಅದೇ ತೋಳು ಅದೇ ರಭಸದಲ್ಲಿ ತಿರುಗುವಾಗ ತುದಿಗೆ ಇನ್ನೊಂದು 70 ಸೆಂಟಿಮೀಟರ್ ಸೇರಿದರೆ, ಆ ತುದಿ ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ದೂರ ಸುತ್ತಬೇಕು. ಅಂದರೆ ವೇಗ ಇಮ್ಮಡಿ. ಉದ್ದವಾದದ್ದನ್ನು ತಿರುಗಿಸುವುದು ಕಷ್ಟವಾದ್ದರಿಂದ ಇಡೀ ಲಾಭ ಕೈಗೆ ಸಿಗುವುದಿಲ್ಲ, ಸಿಗುವಷ್ಟೇ ಬೇಕಾದಷ್ಟಾಯಿತು.

ಹಗ್ಗವಿಲ್ಲದೆ ಕೋಲಿನಿಂದ ಇದೇ ಕೆಲಸ ಮಾಡಿದವರಿದ್ದಾರೆ. ಫ್ರಾನ್ಸಿನ ಕೋಂಬ್ ಸೋನಿಯೇರ್ ಎಂಬ ಗವಿಯಲ್ಲಿ ಹಿಮಸಾರಂಗದ ಕೊಂಬಿನಲ್ಲಿ ಕೊರೆದ ಕೊಕ್ಕೆಯೊಂದು ಸಿಕ್ಕಿದೆ. ಈಟಿಯ ಬುಡಕ್ಕೆ ಕೊಕ್ಕೆ ಸಿಕ್ಕಿಸಿ ಎಸೆಯುವ ಕೋಲಿನ ತುದಿ ಅದು, 17 ಸಾವಿರ ವರ್ಷಕ್ಕೂ ಹಳೆಯದು. ಮೆಕ್ಸಿಕೋದ ಅಜ್ಟೆಕರಲ್ಲಿ ಇದರ ಹೆಸರು ಅಟ್ಲಾಟ್ಲ್, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ವೂಮೆರಾ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮಿಶೆಲ್ ಬೆಬರ್ ಮತ್ತು ಜತೆಗಾರರು 2023ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಅಭ್ಯಾಸವಿಲ್ಲದ 108 ಮಂದಿಯಿಂದ ಒಟ್ಟು 2,160 ಬಾರಿ ಎಸೆಯಿಸಿ ನೋಡಿದಾಗ, ಬರಿಗೈಯ ಈಟಿಯಲ್ಲಿ ಗಂಡಸರದು ಮೇಲುಗೈಯಾಗಿತ್ತು. ಅಟ್ಲಾಟ್ಲ್ ಹಿಡಿದ ಕೂಡಲೇ ಹೆಂಗಸರ ವೇಗ ಗಂಡಸರ ವೇಗಕ್ಕೆ ಸಮನಾಯಿತು. ಹಾಗಿದ್ದರೆ ಈ ಕೋಲನ್ನು ಕಂಡುಹಿಡಿದವಳು ಒಬ್ಬ ಹೆಂಗಸೇ ಇರಬಾರದೇಕೆ ಎಂಬ ಪ್ರಶ್ನೆಯನ್ನೂ ಆ ಸಂಶೋಧಕರು ಎತ್ತಿದರು. ಉತ್ತರ ಸಿಗುವಂಥದ್ದಲ್ಲ. ಆದರೂ ನನ್ನ ಮತ ಆ ಕಡೆಗೇ.

ಹೆಸರು, ಇಸವಿ ಸಿಗುವ ಕತೆ ಬೇಕಿದ್ದರೆ ಫ್ರಾನ್ಸ್–ಸ್ಪೇನ್ ಗಡಿಯ ಬಾಸ್ಕ್ ಸೀಮೆಗೆ ಹೋಗಬೇಕು. ಗೋಡೆಗೆ ಚೆಂಡು ಬಡಿಯುವ ಪೆಲೋಟ ಅಲ್ಲಿನವರ ಊರಾಟ. ಮೊದಲು ಬರಿಗೈಯಲ್ಲಿ ಆಡುತ್ತಿದ್ದರು, ಆಮೇಲೆ ಚರ್ಮದ ಭಾರದ ಕೈಗವಸು ಬಂತು, ಅದು ದುಬಾರಿ. 1857ರ ಸುಮಾರಿಗೆ ಗಾಂಚಿಕಿ ದಿತುರ್ಬಿಡೆ ಎಂಬ ಹುಡುಗ ಮನೆಯಲ್ಲಿ ಹಣ್ಣು-ಕಾಯಿ ತುಂಬಲು ಇಟ್ಟಿದ್ದ ಬಾಗಿದ ಬುಟ್ಟಿಯನ್ನೇ ಕೈಗೆ ತೊಟ್ಟು ಚೆಂಡು ಹಿಡಿದ, ಹಾಗೇ ಬೀಸಿದ. ಬುಟ್ಟಿಯ ಬಾಗಿನಲ್ಲಿ ಉರುಳಿ ತುದಿಯಿಂದ ಜಾರಿದ ಚೆಂಡಿಗೆ ಕೈಗವಸಿನಲ್ಲಿ ಸಿಗದ ವೇಗ ಸಿಕ್ಕಿತು. ಮೂರು ದಶಕದ ಮೇಲೆ ಅರ್ಜೆಂಟೀನಾದಲ್ಲಿ ಮಣಿಕಟ್ಟು ನೋಯಿಸಿಕೊಂಡ ಒಬ್ಬ ಆಟಗಾರ, ಒಂದೇ ಕೈಗೆ ಬೀಳುವ ಭಾರ ಕಡಿಮೆ ಮಾಡಲು ಬುಟ್ಟಿಯನ್ನು ಇನ್ನಷ್ಟು ಉದ್ದಕ್ಕೆ, ಆಳಕ್ಕೆ ಹೆಣೆಸಿಕೊಂಡ. ಈಗ ಹಾಯ್ ಅಲಾಯ್ ಎಂದು ಹೆಸರಾದ ಆಟ ಆ ಉದ್ದ ಬುಟ್ಟಿಯಿಂದಲೇ ಆಡುವಂಥದ್ದು. 1979ರ ಆಗಸ್ಟ್ 3ರಂದು ಅಮೆರಿಕದ ನ್ಯೂಪೋರ್ಟಿನಲ್ಲಿ ಹೊಸೆ ರಮೋನ್ ಅರೆಯ್ಟಿಯೊ ಎಸೆದ ಚೆಂಡು ಗಂಟೆಗೆ 302 ಕಿಲೋಮೀಟರ್ ವೇಗ ಮುಟ್ಟಿತು. ಕ್ರಿಕೆಟ್‌ನಲ್ಲಿ ಅಳತೆಗೆ ಸಿಕ್ಕ ಅತಿ ವೇಗದ ಎಸೆತ 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಅವರದು, 161.3 ಕಿಲೋಮೀಟರ್. ಒಂದು ಬುಟ್ಟಿಗೂ ಬರಿಗೈಗೂ ಇರುವ ಅಂತರ ಹೆಚ್ಚುಕಡಿಮೆ ಇಮ್ಮಡಿ.

ಕ್ರಿಕೆಟ್‌ಗೆ ಈ ಉಪಾಯ ತಡವಾಗಿ ಬಂತು, ಅದೂ ನಾಯಿಯ ದಾರಿಯಿಂದ. ನಾಯಿಗೆ ಟೆನಿಸ್ ಚೆಂಡು ಎಸೆದು ತರಿಸುವ ಆಟ ಆಡುವವರಿಗೆ ಎರಡು ಕಷ್ಟ: ಪ್ರತಿ ಸಲ ಬಗ್ಗಬೇಕು, ಜೊಲ್ಲು ಮೆತ್ತಿದ ಚೆಂಡನ್ನು ಮುಟ್ಟಬೇಕು. ಇದಕ್ಕೆಂದು ಪ್ಲಾಸ್ಟಿಕ್ ಕೋಲೊಂದು ಮಾರುಕಟ್ಟೆಗೆ ಬಂತು. ತುದಿಯಲ್ಲಿ ಅರ್ಧ ತೆರೆದ ಬಟ್ಟಲು. ನೆಲದ ಮೇಲಿನ ಚೆಂಡಿನ ಮೇಲೆ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಬೀಸಿದರೆ ದೂರ ಹೋಗುತ್ತದೆ. ಪಾರ್ಕಿನಲ್ಲಿ ಅಜ್ಜಿಯರೂ ಇದನ್ನು ಬೀಸಿ ಹುಡುಗರಿಗಿಂತ ದೂರ ಎಸೆಯತೊಡಗಿದರು.

ನೆಟ್ಸ್‌ನಲ್ಲಿ ನಿಂತ ಕೋಚ್‌ಗಳಿಗೆ ಆಗ ಬೇರೆ ನೋವಿತ್ತು. ಬೌಲರ್‌ಗಳು ದಿನವಿಡೀ ಬ್ಯಾಟ್ಸ್‌ಮನ್‌ಗಳಿಗೆ ಚೆಂಡು ಹಾಕಿದರೆ ಪಂದ್ಯದ ಹೊತ್ತಿಗೆ ಅವರಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಥ್ರೋಡೌನ್, ಅಂದರೆ ಚೆಂಡನ್ನು ಕೈಯಿಂದ ಎಸೆದು ಆಡಿಸುವ ಕೆಲಸ, ಕೋಚ್‌ಗಳ ಪಾಲಿಗೆ ಬಂತು: ಐವತ್ತು ದಾಟಿದ ಭುಜದಿಂದ ದಿನಕ್ಕೆ ನೂರಾರು ಎಸೆತ. ಇಂಗ್ಲೆಂಡಿನ ಬ್ಯಾಟಿಂಗ್ ಕೋಚ್ ಆಗಿದ್ದ ಗ್ರಹಾಂ ಗೂಚ್ ನಾಯಿಯ ಕೋಲನ್ನು ನೆಟ್ಸ್‌ಗೆ ತಂದವರಲ್ಲಿ ಹೆಸರಾದವರು. ಅವರ ಶಿಷ್ಯರು ಅದನ್ನು ನಾಯಿಕೋಲು ಎಂದೇ ಕರೆದರು. ನಮ್ಮವರಿಗೆ ಗೂಚ್ ಎಂದರೆ 1990ರ ಲಾರ್ಡ್ಸ್, 333 ರನ್, ಮತ್ತು ಅವರು 36ರಲ್ಲಿದ್ದಾಗ ಕಿರಣ್ ಮೋರೆ ಕೈಬಿಟ್ಟ ಕ್ಯಾಚು. ಆ ಗೂಚ್ ತರಬೇತಿಯಲ್ಲಿ ಆಲಸ್ಟೇರ್ ಕುಕ್ 2010–11ರ ಆಶಸ್ ಸರಣಿಯಲ್ಲಿ 766 ರನ್ ಹೊಡೆದರು.

ನಾಯಿಯ ಕೋಲು ಹಾಗೇ ಕ್ರಿಕೆಟ್ ಚೆಂಡಿಗೆ ಒಗ್ಗುವುದಿಲ್ಲ. ಟೆನಿಸ್ ಚೆಂಡು 6.54ರಿಂದ 6.86 ಸೆಂಟಿಮೀಟರ್ ಅಡ್ಡಳತೆಯದು, ತೂಕ ಹೆಚ್ಚೆಂದರೆ 59.4 ಗ್ರಾಂ. ಕ್ರಿಕೆಟ್ ಚೆಂಡಿನ ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್, ಅಂದರೆ ಅಡ್ಡಳತೆ 7.2ರ ಆಸುಪಾಸು, ತೂಕ 155.9ರಿಂದ 163 ಗ್ರಾಂ. ನಾಲ್ಕೈದು ಮಿಲಿಮೀಟರ್ ದಪ್ಪ, ಮೂರರಷ್ಟು ಹತ್ತಿರದ ಭಾರ. ಬಟ್ಟಲು ಹಿಗ್ಗಬೇಕು, ಕೋಲು ಬಳುಕದಷ್ಟು ಗಟ್ಟಿಯಾಗಬೇಕು, ಆದರೂ ತುಸು ಪುಟಿಯಬೇಕು. ಇಷ್ಟನ್ನೂ ಸರಿಮಾಡಿ ಕ್ರಿಕೆಟ್‌ಗೆಂದೇ ಮಾಡಿದ ಕೋಲು ‘ಸೈಡ್‌ಆರ್ಮ್’ ಹೆಸರಿನಲ್ಲಿ ಅಂಗಡಿಗೆ ಬಂತು. ಚೆಂಡಿನ ಹೊಲಿಗೆಯನ್ನು ಬಟ್ಟಲಿನಲ್ಲಿ ಹೇಗೆ ಕೂರಿಸುತ್ತೀರಿ ಎಂಬುದರ ಮೇಲೆ ಸ್ವಿಂಗ್ ಮಾಡಿಸಲೂ ಬರುತ್ತದೆ.

ಈ ಕೋಲನ್ನು ಜಗತ್ತೇ ತಿರುಗಿ ನೋಡುವಂತೆ ಬೀಸಿದವರು ಉತ್ತರ ಕನ್ನಡದ ಕುಮಟಾದವರು: ಭಾರತ ತಂಡದ ಥ್ರೋಡೌನ್ ಪರಿಣತ ಡಿ. ರಾಘವೇಂದ್ರ. ತಂಡದವರ ಬಾಯಲ್ಲಿ ರಘು. ಕ್ರಿಕೆಟ್ ಆಡುವ ಹಟಕ್ಕೆ ಮನೆ ಬಿಟ್ಟು ಕೈಯಲ್ಲಿ ಪುಡಿಗಾಸು ಹಿಡಿದು ಹುಬ್ಬಳ್ಳಿಗೆ ಬಂದರೆಂದೂ, ಬಸ್ ನಿಲ್ದಾಣ, ದೇವಸ್ಥಾನ ಎಂದು ಮಲಗುವ ಜಾಗ ಬದಲಿಸುತ್ತ ಕೊನೆಗೆ ಸ್ಮಶಾನದ ಕಟ್ಟಡವೊಂದರಲ್ಲಿ ಕ್ರಿಕೆಟ್ ಚಾಪೆ ಹೊದ್ದು ವರ್ಷಗಟ್ಟಲೆ ಕಳೆದರೆಂದೂ ಪತ್ರಿಕೆಗಳು ಬರೆದಿವೆ. ದುಂಡಸಿಯವರಿಗೆ ಹುಬ್ಬಳ್ಳಿ ದೂರದ ಊರಲ್ಲ. ಆಸ್ಪತ್ರೆಗೆ, ಪೇಟೆಗೆ ಹೋಗಿ ಸಂಜೆಗೆ ಮರಳುತ್ತಾರೆ. ಆ ಊರಿನ ಹೆಣಗಳ ನಡುವೆ ಮಲಗಿ ಎದ್ದವನ ಮೇಲೆ ಒಂದು ಜೋಂಬಿಯೂ ಬೀಳಲಿಲ್ಲ, ಅವನನ್ನು ಕಾಡಿದ್ದು ಸ್ವಂತ ಬಲಗೈ. ಅದು ಮುರಿದು ಆಟಗಾರನಾಗುವ ಕನಸು ಮುಗಿಯಿತೆಂದು ಅದೇ ವರದಿಗಳು ಹೇಳುತ್ತವೆ. ಬೆಂಗಳೂರಿಗೆ ಹೋಗಿ ಅಕಾಡೆಮಿಗಳಲ್ಲಿ ಚೆಂಡು ಎಸೆಯುವ ಕೆಲಸ ಹಿಡಿದರು, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಮುಟ್ಟಿದರು, ಅಲ್ಲಿಂದ ತಂಡದ ಜತೆ ಹೊರಟರು.

ವಿರಾಟ್ ಕೊಹ್ಲಿ 2020ರಲ್ಲಿ ಬಾಂಗ್ಲಾದೇಶದ ತಮೀಮ್ ಇಕ್ಬಾಲ್ ಜತೆ ಮಾತಾಡುತ್ತ, ವೇಗದ ಬೌಲಿಂಗ್ ಎದುರು ತನ್ನ ಆಟ 2013ರಿಂದ ಸುಧಾರಿಸಿದ ಕೀರ್ತಿಯನ್ನು ರಘುಗೆ ಕೊಟ್ಟರು. ನೆಟ್ಸ್‌ನಲ್ಲಿ ರಘು ಎಸೆಯುವ ಚೆಂಡು ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಅದನ್ನು ಆಡಿದ ಮೇಲೆ ಪಂದ್ಯದಲ್ಲಿ ಬರುವ ಬೌಲರ್ ನಿಧಾನವೆನಿಸುತ್ತಾನಂತೆ. 2023ರ ಜನವರಿ 15ರಂದು ತಿರುವನಂತಪುರದಲ್ಲಿ ಕೊಹ್ಲಿ ಔಟಾಗದೆ 166, ಶುಭಮನ್ ಗಿಲ್ 116 ಹೊಡೆದು ಭಾರತ ಶ್ರೀಲಂಕಾವನ್ನು 317 ರನ್ನಿನಿಂದ ಸೋಲಿಸಿತು. ಏಕದಿನ ಕ್ರಿಕೆಟ್‌ನಲ್ಲಿ ಅದುವರೆಗೆ ಅಷ್ಟು ದೊಡ್ಡ ಅಂತರದ ಗೆಲುವು ಇರಲಿಲ್ಲ. ಅವತ್ತು ಇಬ್ಬರೂ ಕ್ಯಾಮರಾ ಮುಂದೆ ಕರೆದು ನಿಲ್ಲಿಸಿದ್ದು ರಘು, ಎಡಗೈಯಲ್ಲಿ ಎಸೆಯುವ ಶ್ರೀಲಂಕಾ ಮೂಲದ ನುವಾನ್ ಸೆನೆವಿರತ್ನೆ ಮತ್ತು ಬಂಗಾಳದ ದಯಾನಂದ ಗರಾನಿ ಎಂಬ ಮೂವರನ್ನು. ಇನ್ನೊಂದು ದೃಶ್ಯ ಹಲವರಿಗೆ ನೆನಪಿರಬಹುದು. 2022ರ ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಅಡಿಲೇಡ್‌ನಲ್ಲಿ ಮಳೆ ನಿಂತು ಆಟ ಮತ್ತೆ ಶುರುವಾದಾಗ, ಬ್ರಷ್ ಹಿಡಿದು ಬೌಂಡರಿ ಸುತ್ತ ಓಡುತ್ತ ಫೀಲ್ಡರ್‌ಗಳ ಬೂಟಿನ ತಳದ ಕೆಸರು ತೆಗೆಯುತ್ತಿದ್ದವರು ಇದೇ ರಘು.

ಸೈಡ್‌ಆರ್ಮ್‌ಗೆ ಒಂದು ಕೊರತೆಯಿದೆ, ಅದನ್ನೂ ಹೇಳಬೇಕು. ಬೌಲರ್ ಓಡಿ ಬರುತ್ತಾನೆ, ಜಿಗಿಯುತ್ತಾನೆ, ಬ್ಯಾಟ್ಸ್‌ಮನ್ ಅವನ ಮಣಿಕಟ್ಟನ್ನು ಓದಿ ಚೆಂಡು ಎಲ್ಲಿ ಬೀಳುತ್ತದೆಂದು ಅಂದಾಜು ಮಾಡುತ್ತಾನೆ. ಕೋಲಿಗೆ ಮಣಿಕಟ್ಟಿಲ್ಲ. ಓದುವ ಅಭ್ಯಾಸ ಅದರಿಂದ ಬರುವುದಿಲ್ಲ, ವೇಗದ ಅಭ್ಯಾಸವಷ್ಟೇ. ಬೌಲಿಂಗ್ ಯಂತ್ರಕ್ಕಿಂತ ಇದು ಮೇಲು, ಏಕೆಂದರೆ ಕೋಲಿನ ಹಿಂದೆ ಒಂದು ತಲೆ ಇದೆ. ಬ್ಯಾಟ್ಸ್‌ಮನ್ ಮುಂದೆ ಬಂದದ್ದು ಕಂಡರೆ ಮುಂದಿನದನ್ನು ಗಿಡ್ಡ ಹಾಕುವ ಕೆಟ್ಟ ಬುದ್ಧಿ ಯಂತ್ರಕ್ಕಿಲ್ಲ.

ನಮ್ಮ ಸೀಮೆಯಲ್ಲೂ ಮನೆಯ ಸಾಮಾನಿನಿಂದ ಉಪಕರಣ ಮಾಡುವ ಪರಂಪರೆಗೆ ಕೊರತೆಯಿಲ್ಲ. 2022ರಲ್ಲಿ ಪದ್ಮಶ್ರೀ ಪಡೆದ ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬಿಡಿಸುವ ಯಂತ್ರ, ಕೂರಿಗೆ ಎಂದು ಹತ್ತಾರು ಮಾಡಿದವರು. ಅವರ ಮೊದಲ ಆವಿಷ್ಕಾರ ಎದುರಿಸಿದ್ದು ಸ್ವಂತ ನಿದ್ದೆಯನ್ನು. ಅಲಾರಾಂ ಗಡಿಯಾರದ ಚಾವಿಗೆ ದಾರ ಕಟ್ಟಿ, ಇನ್ನೊಂದು ತುದಿಗೆ ನೀರಿನ ಬಾಟಲಿ. ಗಂಟೆ ಹೊಡೆಯುವಾಗ ಚಾವಿ ತಿರುಗಿ ದಾರ ಎಳೆದು, ಬಾಟಲಿ ವಾಲಿ, ನೀರು ಮುಖದ ಮೇಲೆ. ಸಾಮಾನು ಹಳೆಯದು, ತೊಂದರೆ ತನ್ನದು.

ಹಾಗಾದರೆ ದುಂಡಸಿಯ ಹುಡುಗರು ತಮ್ಮ ಟೆನಿಸ್ ಬಾಲ್ ಕ್ರಿಕೆಟ್‌ಗೆ ಇಂಥದ್ದೊಂದನ್ನು ಮಾಡಿಕೊಳ್ಳಬಹುದೆ? ಮಾಡಬಹುದು, ಮುಕ್ಕಾಲುಪಾಲು ಸಾಮಾನು ಹೊಲದಲ್ಲೇ ಬಿದ್ದಿದೆ. ಬೋರ್‌ವೆಲ್ ನೀರು ಹಾಯಿಸುವ ಪಿವಿಸಿ ಪೈಪನ್ನು ಅಂಗಡಿಯಲ್ಲಿ ಹೊರ ಅಳತೆಯ ಲೆಕ್ಕದಲ್ಲಿ ಮಾರುತ್ತಾರೆ: 63, 75, 90 ಮಿಲಿಮೀಟರ್. 75ರ ಪೈಪಿನ ಒಳಗೆ ಟೆನಿಸ್ ಚೆಂಡು ಕೊಂಚ ಸಡಿಲವಾಗಿ ಕೂರುತ್ತದೆ, ಕ್ರಿಕೆಟ್ ಚೆಂಡು ಹಿಡಿಸುವುದಿಲ್ಲ. ಹೀಗಾಗಿ ಪೈಪೇ ಯಾವ ಚೆಂಡೆಂದು ತೀರ್ಮಾನಿಸಿಬಿಡುತ್ತದೆ, ಅದು ಒಳ್ಳೆಯದೇ. ಮೂರು ಬೆರಳಗಲದ ಬಳೆಯೊಂದನ್ನು ಕತ್ತರಿಸಿ, ಅದರ ಒಂದು ಪಾಲು ತೆಗೆದರೆ ಬಾಯಿ ತೆರೆದ ಬಟ್ಟಲು ಸಿದ್ಧ. ಬಾಯಿ ಚೆಂಡಿಗಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು. ಒತ್ತಿದಾಗ ಒಳಗೆ ಹೋಗಬೇಕು, ಹಿಡಿದುಕೊಂಡಿರಬೇಕು, ಬೀಸಿದಾಗ ಬಿಟ್ಟುಕೊಡಬೇಕು. ಅಂಚನ್ನು ಉಪ್ಪುಕಾಗದದಿಂದ ಉಜ್ಜದಿದ್ದರೆ ಚೆಂಡಿನ ನವಿರು ಕಿತ್ತು ಬರುತ್ತದೆ.

ಹಿಡಿಕೆಗೆ ಎರಡು ಅಡಿ ಉದ್ದದ ಮುಕ್ಕಾಲು ಇಂಚಿನ ಪೈಪು. ತುದಿ ಬಗ್ಗಿಸಬೇಕಾದರೆ ಒಳಗೆ ಒಣ ಮರಳು ತುಂಬಿ ಕುದಿಯುವ ನೀರಿನಲ್ಲಿ ಅದ್ದಬೇಕು. ಪಿವಿಸಿ ಸುಮಾರು 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ, ಮರಳಿದ್ದರೆ ಪೈಪು ಚಪ್ಪಟೆಯಾಗುವುದಿಲ್ಲ. ಒಲೆಯ ಉರಿಗೆ ಹಿಡಿಯುವುದು ಬೇಡ, ಸುಟ್ಟ ಪಿವಿಸಿಯ ಹೊಗೆ ಗಂಟಲು, ಕಣ್ಣು ಎರಡಕ್ಕೂ ವಿಷ. ಬಟ್ಟಲನ್ನು ಹಿಡಿಕೆಗೆ ನಟ್ಟು-ಬೋಲ್ಟಿನಿಂದ ಬಿಗಿದು, ಕೈ ಹಿಡಿಯುವಲ್ಲಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಬೆವರಿದರೂ ಜಾರುವುದಿಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದು ಬೆಳ್ಳಗಾದ ಪೈಪು ಬೇಡ. ಅದು ಒಳಗೊಳಗೇ ಪೆಡಸಾಗಿರುತ್ತದೆ, ಬೋಲ್ಟಿನ ತೂತಿನಿಂದಲೇ ಸೀಳುತ್ತದೆ. ಹಂದಿ, ಮಂಗಗಳ ಮೇಲೆ ಪ್ರಯೋಗಿಸುವ ಆಸೆಯೂ ಬೇಡ. ಹಂದಿಗೆ ಟೆನಿಸ್ ಚೆಂಡು ತಾಕಿದರೆ ಗೊತ್ತೂ ಆಗುವುದಿಲ್ಲ, ಮಂಗ ಅದನ್ನು ಹಿಡಿದು ವಾಪಸು ಕೊಡುವುದಿಲ್ಲ.

ಎಲ್ಲ ಬಿಗಿದ ಮೇಲೆ ಉಳಿಯುವುದು ಬಟ್ಟಲಿನ ಬಾಯಿ ಯಾವ ಕಡೆ ವಾಲಿರಬೇಕು ಎಂಬ ಪ್ರಶ್ನೆ, ಅದನ್ನು ಎಸೆದೇ ಕಲಿಯಬೇಕು. ಬಾಯಿ ಹೆಚ್ಚು ಮುಂದಕ್ಕೆ ತೆರೆದಿದ್ದರೆ ಚೆಂಡು ಬೇಗ ಬಿಟ್ಟುಕೊಂಡು ಬ್ಯಾಟ್ಸ್‌ಮನ್ ತಲೆಯ ಮೇಲೆ ಹೋಗುತ್ತದೆ. ಹೆಚ್ಚು ಬಿಗಿಯಾಗಿದ್ದರೆ ತಡವಾಗಿ ಬಿಟ್ಟು ಎಸೆದವನ ಕಾಲ ಬುಡದಲ್ಲೇ ಪುಟಿಯುತ್ತದೆ. ಬೋಲ್ಟು ಸಡಿಲಿಸಿ ತುಸು ತಿರುಗಿಸಿ ಮತ್ತೆ ಬಿಗಿದು ನೋಡುತ್ತ ಹೋದರೆ ಸರಿಯಾದ ವಾಲು ಸಿಗುತ್ತದೆ. ಅಲ್ಲಿಯವರೆಗೆ ಎಸೆಯುವವನ ಹಿಂದೆಯೂ ಯಾರೂ ನಿಲ್ಲಬಾರದು. ಮೊದಲ ಕೆಲವು ಚೆಂಡುಗಳು ಹೆಚ್ಚಾಗಿ ಆ ಕಡೆಗೇ ಹೋಗುವುದು.